ಸಾಂಟೇರ್ ಕಮಿಷನ್ ಕಟ್ಟಿದ್ದು ಹೇಗೆ, ಬಿದ್ದದ್ದು ಯಾಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಂಟೇರ್ ಕಮಿಷನ್ ಅಂದರೆ ಯಾವುದು?

1995ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಯುರೋಪಿಯನ್ ಕಮಿಷನ್, ಅಂದರೆ ಯುರೋಪಿಯನ್ ಒಕ್ಕೂಟದ ಕಾರ್ಯಾಂಗ. ಲಕ್ಸೆಂಬರ್ಗಿನ ಪ್ರಧಾನಿಯಾಗಿದ್ದ ಜಾಕ್ ಸಾಂಟೇರ್ ಅದರ ಅಧ್ಯಕ್ಷರು. ಅವಧಿ ಐದು ವರ್ಷದ್ದು. ಮುಗಿಯಲು ಇನ್ನೂ ಹತ್ತು ತಿಂಗಳಿರುವಾಗ, 1999ರ ಮಾರ್ಚ್ 15ರ ರಾತ್ರಿ, 20 ಕಮಿಷನರುಗಳೂ ಒಟ್ಟಿಗೆ ರಾಜೀನಾಮೆ ಕೊಟ್ಟರು. ಇಡೀ ಕಮಿಷನ್ ಹೀಗೆ ಕೆಳಗಿಳಿದದ್ದು ಅದೇ ಮೊದಲು. ಆಮೇಲೂ ಆಗಿಲ್ಲ.

ಕಮಿಷನ್ ಅನ್ನುವುದು ಸರ್ಕಾರವೋ, ಸಚಿವಾಲಯವೋ?

ಎರಡರ ಗುಣವೂ ಇದೆ, ಗೊಂದಲ ಶುರುವಾಗುವುದೂ ಅಲ್ಲಿಂದಲೇ. ಒಕ್ಕೂಟದ ಕಾನೂನಿನ ಕರಡು ಮಂಡಿಸುವ ಹಕ್ಕು ಬಹುಮಟ್ಟಿಗೆ ಇದರದ್ದೊಂದೇ. ಬಜೆಟ್ ಜಾರಿ, ಪೈಪೋಟಿ ನಿಯಮ ಮುರಿದ ಕಂಪನಿಗಳಿಗೆ ದಂಡ, ಒಪ್ಪಂದ ಪಾಲಿಸದ ಸದಸ್ಯ ದೇಶವನ್ನು ಕೋರ್ಟಿಗೆ ಎಳೆಯುವುದು ಇದರ ಕೆಲಸ. ಆದರೆ ಕಾನೂನು ಮಾಡುವವರು ಬೇರೆ: ದೇಶಗಳ ಮಂತ್ರಿಗಳು ಕೂರುವ ಕೌನ್ಸಿಲ್ ಮತ್ತು ಜನ ನೇರವಾಗಿ ಆರಿಸುವ ಯುರೋಪಿಯನ್ ಪಾರ್ಲಿಮೆಂಟ್. ಕಮಿಷನರುಗಳು ಚುನಾವಣೆ ಗೆದ್ದು ಆ ಕುರ್ಚಿಗೆ ಬಂದವರಲ್ಲ. ತಮ್ಮ ತಮ್ಮ ದೇಶದ ಸರ್ಕಾರ ಹೆಸರಿಸಿ ಕಳಿಸಿದವರು. ಬಂದ ಮೇಲೆ ಮಾತ್ರ ಆ ಸರ್ಕಾರದ ಮಾತು ಕೇಳುವುದಿಲ್ಲ ಎಂದು ಪ್ರತಿಜ್ಞೆ ಮಾಡಬೇಕು.

15 ದೇಶಕ್ಕೆ 20 ಮಂದಿ ಯಾಕೆ?

ಜರ್ಮನಿ, ಫ್ರಾನ್ಸ್, ಬ್ರಿಟನ್, ಇಟಲಿ, ಸ್ಪೇನ್, ಈ ಐದು ದೊಡ್ಡ ದೇಶಗಳಿಗೆ ಇಬ್ಬಿಬ್ಬರು. ಉಳಿದ ಹತ್ತಕ್ಕೆ ಒಬ್ಬೊಬ್ಬರು. ಆಸ್ಟ್ರಿಯಾ, ಫಿನ್ಲೆಂಡ್, ಸ್ವೀಡನ್ 1995ರ ಜನವರಿ 1ರಂದು ಸೇರಿದ್ದರಿಂದ 17 ಇದ್ದದ್ದು 20 ಆಯಿತು.

ಖಾತೆ ಹಂಚಿಕೆ ನೋಡಿದರೆ ಆಗಿನ ಹಗ್ಗಜಗ್ಗಾಟ ತಿಳಿಯುತ್ತದೆ. ವ್ಯಾಪಾರ ಬ್ರಿಟನ್ನಿನ ಲಿಯೋನ್ ಬ್ರಿಟನ್‌ಗೆ. ವಿದೇಶಾಂಗ ವ್ಯವಹಾರವನ್ನು ಭೂಪಟದ ಮೇಲೆ ಗೆರೆ ಎಳೆದು ಹಂಚಿದರು: ಪೂರ್ವ ಯುರೋಪು ನೆದರ್ಲೆಂಡ್ಸಿನ ಹಾನ್ಸ್ ವಾನ್ ಡೆನ್ ಬ್ರೂಕ್‌ಗೆ, ಮೆಡಿಟರೇನಿಯನ್ ಮತ್ತು ಲ್ಯಾಟಿನ್ ಅಮೆರಿಕ ಸ್ಪೇನಿನ ಮ್ಯಾನುಯೆಲ್ ಮರೀನ್‌ಗೆ, ಆಫ್ರಿಕಾ ಪೋರ್ಚುಗಲ್ಲಿನ ಪಿನ್ಹೇರೊಗೆ. ಪೈಪೋಟಿ ನಿಯಮ ಬೆಲ್ಜಿಯಂನ ಕಾರೆಲ್ ವಾನ್ ಮೀರ್ತ್ ಪಾಲಿಗೆ, ಕೃಷಿ ಆಸ್ಟ್ರಿಯಾದ ಫ್ರಾನ್ಸ್ ಫಿಶ್ಲರ್ ಪಾಲಿಗೆ, ಆಂತರಿಕ ಮಾರುಕಟ್ಟೆ ಇಟಲಿಯ ಮಾರಿಯೊ ಮೊಂಟಿ ಪಾಲಿಗೆ ಹೋದವು. ಬಜೆಟ್ ಮತ್ತು ಸಿಬ್ಬಂದಿ ಫಿನ್ಲೆಂಡಿನ ಎರ್ಕಿ ಲೀಕನೆನ್‌ಗೆ. ಹಣಕಾಸು ಅವ್ಯವಹಾರ ತಡೆಯುವ ಹೊಣೆ ಸ್ವೀಡನ್ನಿನ ಅನಿತಾ ಗ್ರಾಡಿನ್‌ಗೆ. ಸಂಶೋಧನೆ, ಶಿಕ್ಷಣ, ತರಬೇತಿ ಖಾತೆ ಫ್ರಾನ್ಸಿನ ಮಾಜಿ ಪ್ರಧಾನಿ ಎಡಿತ್ ಕ್ರೆಸೋನ್ ಅವರದ್ದು. ಈ ಕೊನೆಯ ಹೆಸರು ನೆನಪಿಟ್ಟುಕೊಳ್ಳಿ.

20ರಲ್ಲಿ 5 ಮಹಿಳೆಯರು. ಎಡ, ಬಲ, ಉದಾರವಾದಿ ಎಲ್ಲ ಪಕ್ಷದವರೂ ಇದ್ದರು. ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದ ಅಲ್ಲಿಲ್ಲ.

ಸಾಂಟೇರ್ ಅಧ್ಯಕ್ಷರಾದದ್ದು ಹೇಗೆ?

ಎರಡನೇ ಆಯ್ಕೆಯಾಗಿ. 1994ರ ಜೂನ್‌ನಲ್ಲಿ ಗ್ರೀಸಿನ ಕಾರ್ಫು ಶೃಂಗಸಭೆಯಲ್ಲಿ ಬೆಲ್ಜಿಯಂ ಪ್ರಧಾನಿ ಜಾನ್-ಲುಕ್ ದೆಹಾನ ಅವರ ಹೆಸರು ಹೆಚ್ಚುಕಮ್ಮಿ ಗಟ್ಟಿಯಾಗಿತ್ತು. ಬ್ರಿಟನ್ ಪ್ರಧಾನಿ ಜಾನ್ ಮೇಜರ್ ವೀಟೊ ಹಾಕಿದರು. ಆಗ ಎಲ್ಲರೂ ಒಪ್ಪಬೇಕೆಂಬ ನಿಯಮವಿತ್ತು, ಒಬ್ಬರು ಬೇಡವೆಂದರೂ ಮುಗಿಯಿತು. ಜುಲೈ 15ರಂದು ಮತ್ತೆ ಕೂತು, ಯಾರಿಗೂ ತೊಂದರೆಯಿಲ್ಲದ ಹೆಸರು ಎಂದು ಸಾಂಟೇರ್ ಅವರನ್ನು ಆರಿಸಿದರು. ಪಾರ್ಲಿಮೆಂಟ್ ಅವರನ್ನು ಒಪ್ಪಿದ್ದು ಕೂದಲೆಳೆ ಅಂತರದಲ್ಲಿ: 260 ಪರ, 238 ವಿರೋಧ.

‘ಕಡಿಮೆ ಮಾಡೋಣ, ಚೆನ್ನಾಗಿ ಮಾಡೋಣ’ ಎಂಬುದು ಅವರ ಘೋಷಣೆ. ಬಿದ್ದದ್ದು ಆ ಎರಡನೆಯ ಅರ್ಧದಲ್ಲಿ.

ತಮ್ಮ ತಂಡವನ್ನು ಅವರೇ ಆರಿಸಿಕೊಳ್ಳಲಿಲ್ಲವೇ?

ಇಲ್ಲ. ಹೆಸರುಗಳು ರಾಜಧಾನಿಗಳಿಂದ ಬಂದವು. ಅಧ್ಯಕ್ಷರ ಜತೆ ಸಮಾಲೋಚನೆ ಎಂದು ಒಕ್ಕೂಟದ ಮೂಲ ನಿಯಮಗಳಿದ್ದ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಬರೆದಿತ್ತು. ಬೇಡ ಅನ್ನುವ ಗಟ್ಟಿ ಅಧಿಕಾರ ಇರಲಿಲ್ಲ. ನಾಮಕರಣಕ್ಕೆ ಅಧ್ಯಕ್ಷರ ಒಪ್ಪಿಗೆ ಬೇಕು, ಕಮಿಷನ್ ಅವರ ರಾಜಕೀಯ ಮಾರ್ಗದರ್ಶನದಲ್ಲಿ ನಡೆಯಬೇಕು ಎಂಬ ಸಾಲುಗಳು ಬಂದದ್ದು ಆಮ್‌ಸ್ಟರ್ಡಾಮ್ ಒಪ್ಪಂದದಲ್ಲಿ. ಅದು ಜಾರಿಗೆ ಬಂದದ್ದು 1999ರ ಮೇ 1ಕ್ಕೆ. ಅಷ್ಟು ಹೊತ್ತಿಗೆ ಸಾಂಟೇರ್ ರಾಜೀನಾಮೆ ಕೊಟ್ಟು ಆರು ವಾರ ಕಳೆದಿತ್ತು.

ತಪ್ಪು ಮಾಡಿದ ಒಬ್ಬ ಕಮಿಷನರ್‌ನನ್ನು ಮಾತ್ರ ತೆಗೆಯಲು ಆಗುತ್ತಿರಲಿಲ್ಲವೇ?

ಇಡೀ ಪ್ರಕರಣ ನಿಂತಿರುವುದು ಈ ಪ್ರಶ್ನೆಯ ಮೇಲೆ. ಆಗಿನ ನಿಯಮದಲ್ಲಿ ಮೂರೇ ದಾರಿ.

ಮೊದಲನೆಯದು, ಆ ವ್ಯಕ್ತಿ ತಾನಾಗಿ ರಾಜೀನಾಮೆ ಕೊಡುವುದು.

ಎರಡನೆಯದು, ಕೌನ್ಸಿಲ್ ಅಥವಾ ಕಮಿಷನ್ನೇ ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಗಂಭೀರ ದುರ್ನಡತೆ ಸಾಬೀತುಪಡಿಸಿ, ಕಡ್ಡಾಯ ನಿವೃತ್ತಿಯ ಆದೇಶ ಪಡೆಯುವುದು. ಅದು ತಿಂಗಳು, ವರ್ಷ ಹಿಡಿಯುವ ದಾರಿ. ಪಾರ್ಲಿಮೆಂಟಿಗೆ ಹಾಗೆ ಅರ್ಜಿ ಹಾಕುವ ಹಕ್ಕು ಇರಲಿಲ್ಲ.

ಮೂರನೆಯದು ಪಾರ್ಲಿಮೆಂಟಿನ ಅವಿಶ್ವಾಸ ನಿರ್ಣಯ. ಅದು ಒಬ್ಬರ ಮೇಲಲ್ಲ, 20 ಮಂದಿಯ ಮೇಲೂ ಒಟ್ಟಿಗೆ.

ನಮ್ಮ ಸಂವಿಧಾನದ 164ನೇ ವಿಧಿ ನೋಡಿ. ಸಚಿವ ಸಂಪುಟ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ, ಸರಿ. ಜತೆಗೆ ಪ್ರತಿ ಸಚಿವರೂ ರಾಜ್ಯಪಾಲರ ಇಚ್ಛೆ ಇರುವಷ್ಟು ಕಾಲ ಮಾತ್ರ ಅಧಿಕಾರದಲ್ಲಿರುತ್ತಾರೆ. ವ್ಯವಹಾರದಲ್ಲಿ, ಮುಖ್ಯಮಂತ್ರಿ ಹೇಳಿದರೆ ಒಬ್ಬ ಸಚಿವರ ತಲೆದಂಡವಾಗುತ್ತದೆ, ಸಂಪುಟ ಉಳಿಯುತ್ತದೆ. ಸಾಂಟೇರ್ ಕೈಯಲ್ಲಿ ಈ ಎರಡನೆಯ ಅಸ್ತ್ರ ಇರಲೇ ಇಲ್ಲ. ಕ್ರೆಸೋನ್ ಹೋಗುವುದಿಲ್ಲ ಅಂದರೆ ಅವರಿಗೆ ಬೇಡಿಕೊಳ್ಳುವುದೊಂದೇ ದಾರಿ.

ಒಳಗೆ ಕೆಲಸ ಹೇಗೆ ನಡೆಯುತ್ತಿತ್ತು?

ಕಮಿಷನರುಗಳ ಸಭೆಗೆ ‘ಕಾಲೇಜ್’ ಎಂದು ಹೆಸರು. ಬುಧವಾರ ಸೇರುತ್ತಿದ್ದರು, ಪಾರ್ಲಿಮೆಂಟ್ ಸ್ಟ್ರಾಸ್‌ಬರ್ಗಿನಲ್ಲಿ ಕೂತ ವಾರ ಮಂಗಳವಾರ ಅಲ್ಲೇ. ಒಬ್ಬರಿಗೆ ಒಂದು ಮತ, ನಿರ್ಧಾರಕ್ಕೆ 11 ಸಾಕು. ಅಧ್ಯಕ್ಷರ ಮತಕ್ಕೆ ಹೆಚ್ಚಿನ ತೂಕವಿಲ್ಲ. ಒಮ್ಮೆ ತೀರ್ಮಾನವಾದರೆ ವಿರೋಧಿಸಿದವರೂ ಹೊರಗೆ ಅದನ್ನೇ ಸಮರ್ಥಿಸಬೇಕು.

ಪ್ರತಿ ಕಮಿಷನರ್‌ಗೆ ತಾವೇ ಆರಿಸಿಕೊಂಡ ಸಲಹೆಗಾರರ ಒಂದು ಪುಟ್ಟ ಕಚೇರಿ, ಅದಕ್ಕೆ ‘ಕ್ಯಾಬಿನೆಟ್’ ಅನ್ನುತ್ತಾರೆ. ಕ್ಯಾಬಿನೆಟ್ ಮುಖ್ಯಸ್ಥರು ಸೋಮವಾರ ಸೇರಿ ಅರ್ಧಕ್ಕಿಂತ ಹೆಚ್ಚು ವಿಷಯ ಅಲ್ಲೇ ಬಗೆಹರಿಸಿಬಿಡುತ್ತಿದ್ದರು. ಅದರ ಕೆಳಗೆ ಡೈರೆಕ್ಟರೇಟ್ ಜನರಲ್ ಎಂಬ ಇಲಾಖೆಗಳು, ಚಿಕ್ಕದಾಗಿ ಡಿಜಿ. ಆಗ ಅವಕ್ಕೆ ಹೆಸರಿನ ಬದಲು ರೋಮನ್ ಅಂಕಿ: ಸಂಶೋಧನೆ 12, ಹಣಕಾಸು ನಿಯಂತ್ರಣ 20, ಪ್ರವಾಸೋದ್ಯಮ 23.

ಕಮಿಷನರುಗಳು ಕೂರುತ್ತಿದ್ದದ್ದು ಬ್ರಸೆಲ್ಸ್‌ನ ಬ್ರೆಡೆಲ್ ಕಟ್ಟಡದಲ್ಲಿ. ಮುಖ್ಯ ಕಚೇರಿಯಾಗಿದ್ದ ಬೆರ್ಲೇಮೊಂಟ್ ಭವನವನ್ನು ಆಸ್‌ಬೆಸ್ಟಾಸ್ ಕಾರಣಕ್ಕೆ 1991ರಲ್ಲೇ ಖಾಲಿ ಮಾಡಿದ್ದರು. ಇಲಾಖೆಗಳು ಊರಿನ ಬೇರೆ ಬೇರೆ ಕಟ್ಟಡಗಳಲ್ಲಿ. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ನಮ್ಮ ಲೆಕ್ಕದಲ್ಲಿ ಸಣ್ಣದಲ್ಲ. ತನ್ನ ಇಲಾಖೆಯಲ್ಲಿ ಏನಾಗುತ್ತಿದೆ ಎಂಬುದು ಕಮಿಷನರ್‌ಗೆ ತಲುಪುತ್ತಿದ್ದದ್ದು ಕಾಗದದ ಮೂಲಕ, ಆ ಕಾಗದ ಕ್ಯಾಬಿನೆಟ್ಟಿನ ಜರಡಿ ದಾಟಿ ಬರಬೇಕು. ‘ನನಗೆ ಗೊತ್ತೇ ಇರಲಿಲ್ಲ’ ಎಂಬ ಮಾತು ಹುಟ್ಟುವುದು ಇಂಥ ಜಾಗದಲ್ಲಿ.

ಅವಿಶ್ವಾಸ ನಿರ್ಣಯಕ್ಕೆ ಎಷ್ಟು ಮತ ಬೇಕು?

ಎರಡು ಷರತ್ತು, ಎರಡೂ ಒಟ್ಟಿಗೆ ಈಡೇರಬೇಕು. ಚಲಾಯಿಸಿದ ಮತಗಳಲ್ಲಿ ಮೂರನೇ ಎರಡರಷ್ಟು ಪರವಾಗಿರಬೇಕು. ಆ ಸಂಖ್ಯೆ ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚಿರಬೇಕು. ಆಗ ಸದನದ ಬಲ 626. ಎಲ್ಲರೂ ಮತ ಹಾಕಿದರೆ 418 ಬೇಕು. ಹಾಜರಾತಿ ಎಷ್ಟೇ ತೆಳುವಾಗಿದ್ದರೂ 314ಕ್ಕಿಂತ ಕಡಿಮೆಯಾದರೆ ಬಿದ್ದಂತೆ. ನಿರ್ಣಯ ಮಂಡಿಸಿ ಕನಿಷ್ಠ ಮೂರು ದಿನ ಕಳೆಯದೆ ಮತಕ್ಕೆ ಹಾಕುವಂತಿಲ್ಲ, ಮತದಾನ ಬಹಿರಂಗವಾಗಿಯೇ ಆಗಬೇಕು.

ಲೋಕಸಭೆಯಲ್ಲಿ ಒಂದೇ ಮತದ ಅಂತರಕ್ಕೆ ಸರ್ಕಾರ ಬಿದ್ದದ್ದನ್ನು ಅದೇ 1999ರ ಏಪ್ರಿಲ್‌ನಲ್ಲಿ ನೋಡಿದವರಿಗೆ ಈ ಮೂರನೇ ಎರಡು ವಿಚಿತ್ರ ಅನ್ನಿಸಬಹುದು. ಯುರೋಪಿನ ಈ ನಿಯಮದ ಉದ್ದೇಶವೇ ಬೇರೆ: ಸದನದ ಎಡ ಬಲ ಎರಡೂ ಸೇರದೆ ಕಮಿಷನ್ ಉರುಳಬಾರದು.

ಗಲಾಟೆ ಶುರುವಾದದ್ದು ಎಲ್ಲಿಂದ?

1996ರ ಲೆಕ್ಕಪತ್ರದಿಂದ. ಪ್ರತಿ ವರ್ಷದ ಖರ್ಚನ್ನು ಒಕ್ಕೂಟದ ಲೆಕ್ಕ ತಪಾಸಣಾ ಸಂಸ್ಥೆಯಾದ ಕೋರ್ಟ್ ಆಫ್ ಆಡಿಟರ್ಸ್ ಪರಿಶೀಲಿಸಿ ವರದಿ ಕೊಡುತ್ತದೆ. ಅದರ ಮೇಲೆ ಪಾರ್ಲಿಮೆಂಟ್ ‘ಲೆಕ್ಕ ಒಪ್ಪಿದ್ದೇವೆ’ ಎಂದು ಬಿಡುಗಡೆ ಕೊಡಬೇಕು. 1996ರ ಬಿಡುಗಡೆಯನ್ನು ಬಜೆಟ್ ನಿಯಂತ್ರಣ ಸಮಿತಿ ಮೊದಲು ಮುಂದೂಡಿತು, ಉತ್ತರ ಕೇಳಿತು. ಬಂದ ಉತ್ತರಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದ್ದವು. ಕಡೆಗೆ 1998ರ ಡಿಸೆಂಬರ್ 17ರಂದು ಸದನ 270–225 ಮತಗಳಿಂದ ಬಿಡುಗಡೆ ನಿರಾಕರಿಸಿತು.

ನಿರಾಕರಿಸಿದರೆ ಮುಂದೇನು? ಒಪ್ಪಂದದಲ್ಲಿ ಉತ್ತರವಿಲ್ಲ. ಲೆಕ್ಕ ಒಪ್ಪದಿದ್ದರೆ ಕಮಿಷನ್ ತಾನಾಗಿ ಬೀಳುವುದಿಲ್ಲ. ಸಾಂಟೇರ್ ತಿರುಗಿ ನಿಂತು, ನಂಬಿಕೆಯಿಲ್ಲದಿದ್ದರೆ ಅವಿಶ್ವಾಸ ತನ್ನಿ ಎಂದರು. ಮೂರನೇ ಎರಡು ಸಿಗಲಾರದು ಎಂಬ ಧೈರ್ಯ ಅದರ ಹಿಂದಿತ್ತು. ತಾಂತ್ರಿಕವಾಗಿ ಲೆಕ್ಕ ಸರಿ, ರಾಜಕೀಯವಾಗಿ ದುಬಾರಿ: ಅದುವರೆಗೆ ರಶೀದಿ, ಟೆಂಡರುಗಳ ಬಗ್ಗೆ ನಡೆಯುತ್ತಿದ್ದ ಚರ್ಚೆ ಆ ಸವಾಲಿನಿಂದ ಕಮಿಷನ್ನಿನ ಅಳಿವು ಉಳಿವಿನ ಚರ್ಚೆಯಾಯಿತು. ಜೂನ್‌ನಲ್ಲಿ ಚುನಾವಣೆ ಎದುರಿಸಬೇಕಾಗಿದ್ದ ಸದಸ್ಯರು ಅದನ್ನು ಬಿಡುವವರಲ್ಲ.

ಒಳಗಿನಿಂದ ಮಾಹಿತಿ ಕೊಟ್ಟ ಅಧಿಕಾರಿ ಯಾರು?

ಪೌಲ್ ವಾನ್ ಬೌಟೆನೆನ್. ಡಚ್ ಪ್ರಜೆ, ಹಣಕಾಸು ನಿಯಂತ್ರಣ ಇಲಾಖೆಯಲ್ಲಿ ಸಹಾಯಕ ಲೆಕ್ಕ ಪರಿಶೋಧಕ. ಮೇಲಿನವರಿಗೆ ಬರೆದದ್ದಕ್ಕೆ ಪ್ರಯೋಜನವಾಗದೆ, ಡಿಸೆಂಬರ್ ಮೊದಲ ಭಾಗದಲ್ಲಿ ಪಾರ್ಲಿಮೆಂಟಿನ ಗ್ರೀನ್ (ಪರಿಸರವಾದಿ) ಗುಂಪಿನ ನಾಯಕಿ ಮಾಗ್ದಾ ಆಲ್‌ವೂಟ್ ಅವರ ಕೈಗೆ ದಾಖಲೆಗಳ ಕಟ್ಟು ಕೊಟ್ಟರು. ಗೋಪ್ಯತೆ ಮುರಿದರೆಂದು ಕಮಿಷನ್ ಅವರನ್ನು ಅಮಾನತು ಮಾಡಿ ಸಂಬಳ ಅರ್ಧಕ್ಕಿಳಿಸಿತು.

ಶಿಸ್ತಿನ ನಿಯಮದ ಪ್ರಕಾರ ಅದು ತಪ್ಪಲ್ಲದಿರಬಹುದು. ಆದರೆ ವರ್ಷಗಟ್ಟಲೆ ದೂರು ಬಿದ್ದಿದ್ದ ಕಡತಗಳ ಮೇಲೆ ಮೀನಮೇಷ ಎಣಿಸುತ್ತಿದ್ದ ಸಂಸ್ಥೆ, ಅವನ್ನು ಹೊರಗೆ ತಂದವನ ಮೇಲೆ ಕೆಲವೇ ವಾರಗಳಲ್ಲಿ ಕ್ರಮ ಕೈಗೊಂಡಿತು ಎಂಬುದು ಪತ್ರಿಕೆಗಳಿಗೆ ಸಾಕಾಯಿತು.

ನಿಜಕ್ಕೂ ಹಣ ಹೋಗುತ್ತಿದ್ದದ್ದು ಹೇಗೆ? ಕಮಿಷನರುಗಳು ಲಂಚ ತಿಂದರೇ?

ಲಂಚ ತಿಂದ, ಸ್ವಂತ ಜೇಬು ತುಂಬಿಸಿಕೊಂಡ ಕಮಿಷನರ್ ಒಬ್ಬರೂ ಸಿಗಲಿಲ್ಲ. ನಡೆದದ್ದು ಬೇರೆ ತರಹದ್ದು, ತಿಳಿಯಬೇಕಾದರೆ ಬಜೆಟ್ ಪುಸ್ತಕ ತೆರೆಯಬೇಕು.

ಆಗ ಕಮಿಷನ್ನಿನ ಬಜೆಟ್ಟಿಗೆ ಎರಡು ಭಾಗ. ‘ಎ’ ಭಾಗದಲ್ಲಿ ಸಂಬಳ, ಕಟ್ಟಡ, ಕಚೇರಿ ಖರ್ಚು. ‘ಬಿ’ ಭಾಗದಲ್ಲಿ ಯೋಜನೆಗಳ ಹಣ: ನೆರವು, ಸಂಶೋಧನೆ, ತರಬೇತಿ. ಸದಸ್ಯ ದೇಶಗಳೂ ಪಾರ್ಲಿಮೆಂಟೂ ‘ಬಿ’ಗೆ ಹೊಸ ಹೊಸ ಯೋಜನೆ ಸೇರಿಸುತ್ತ ಹೋದವು. ‘ಎ’ಗೆ ಹುದ್ದೆ ಮಂಜೂರು ಮಾಡಿ ಅಂದರೆ ಎಲ್ಲರದ್ದೂ ಕೈ ಬಿಗಿ. ಕಮಿಷನ್ನೂ ‘ಇಷ್ಟು ಜನರಿಲ್ಲದೆ ಈ ಯೋಜನೆ ಆಗದು’ ಎನ್ನಲಿಲ್ಲ, ಬಂದದ್ದನ್ನೆಲ್ಲ ಹೊತ್ತುಕೊಂಡಿತು.

ಹಾಗಾದರೆ ಕೆಲಸ ಮಾಡುವವರು ಯಾರು? ‘ತಾಂತ್ರಿಕ ನೆರವು ಕಚೇರಿ’ ಎಂಬ ಹೊರಗುತ್ತಿಗೆ ಸಂಸ್ಥೆಗಳು. ಅವಕ್ಕೆ ‘ಬಿ’ ಭಾಗದ ಯೋಜನೆ ಹಣದಿಂದಲೇ ಪಾವತಿ. ಅರ್ಜಿ ಕರೆಯುವುದು, ಆಯ್ಕೆಯ ಪಟ್ಟಿ ತಯಾರಿಸುವುದು, ಹಣ ಹಂಚುವುದರವರೆಗೆ ಸರ್ಕಾರಿ ಅಧಿಕಾರವೇ ಮೆಲ್ಲಗೆ ಖಾಸಗಿ ಕೈಗೆ ಜಾರಿತು.

ಮೆಡಿಟರೇನಿಯನ್ ದೇಶಗಳ ಜತೆಗಿನ ಸಹಕಾರ ಯೋಜನೆಯಲ್ಲಿ ಇದರ ಕೊನೆ ಕಾಣುತ್ತದೆ. ನಿರ್ವಹಣೆಗೆಂದು ಬೆಲ್ಜಿಯಂ ಕಾನೂನಿನಡಿ ಒಂದು ಲಾಭರಹಿತ ಸಂಸ್ಥೆ ಕಟ್ಟಿದರು. ಅದರ ಆಡಳಿತ ಮಂಡಳಿಯಲ್ಲಿ ಕೂತವರಲ್ಲಿ ಕೆಲವರು ಅದೇ ಯೋಜನೆಯ ಉಸ್ತುವಾರಿ ಗುತ್ತಿಗೆ ಪಡೆದ ಕಂಪನಿಗಳನ್ನು ನಡೆಸುತ್ತಿದ್ದರು. ಕೊಡುವ ಕೈಯೂ ಪಡೆಯುವ ಕೈಯೂ ಒಂದೇ. ಕೋರ್ಟ್ ಆಫ್ ಆಡಿಟರ್ಸ್ ಇದನ್ನು 1996ರಲ್ಲೇ ಬರೆದಿತ್ತು.

ಮಾನವೀಯ ನೆರವು ಕಚೇರಿ, ಅಂದರೆ ಎಕೋ, 1992ರಲ್ಲಿ ಹುಟ್ಟಿತು. ಯುಗೊಸ್ಲಾವಿಯಾ ಯುದ್ಧ, ಆಮೇಲೆ ಆಫ್ರಿಕಾದ ಗ್ರೇಟ್ ಲೇಕ್ಸ್ ದುರಂತ. ಹಣ ಹರಿಯಿತು, ಹುದ್ದೆ ಸಿಗಲಿಲ್ಲ. ಸುಮಾರು 24 ಲಕ್ಷ ಎಕ್ಯು (ಯುರೋಗಿಂತ ಮುಂಚಿನ ಲೆಕ್ಕದ ನಾಣ್ಯ) ಮೌಲ್ಯದ ನಾಲ್ಕು ಗುತ್ತಿಗೆಗಳು ಕಾಗದದಲ್ಲಿ ಸಂತ್ರಸ್ತ ಪ್ರದೇಶಗಳ ಕೆಲಸಕ್ಕೆಂದು ಇದ್ದವು. ವಾಸ್ತವದಲ್ಲಿ ಆ ಹಣ ಬ್ರಸೆಲ್ಸ್ ಕಚೇರಿಯಲ್ಲಿ ಹೊರಗಿನ ಸಿಬ್ಬಂದಿ ಇಟ್ಟುಕೊಳ್ಳಲು ಹೋಯಿತು. ಸುಳ್ಳು ಗುತ್ತಿಗೆ, ನಿಜವಾದ ನೌಕರರು. ಇದನ್ನು ಶುರುಮಾಡಿದವರಿಗೆ ಅದು ಕಳ್ಳತನ ಅನ್ನಿಸದೆ ‘ಹೇಗೋ ಕೆಲಸ ಸಾಗಬೇಕಲ್ಲ’ ಅನ್ನಿಸಿದ್ದಿರಬೇಕು. ಒಮ್ಮೆ ಸುಳ್ಳು ಕಾಗದ ಬರೆಯುವುದು ರೂಢಿಯಾದರೆ ಯಾವುದು ಅನಿವಾರ್ಯಕ್ಕೆ ಬರೆದದ್ದು, ಯಾವುದು ನುಂಗಲು ಬರೆದದ್ದು ಎಂದು ಆಡಿಟರ್‌ಗೂ ಬೇರ್ಪಡಿಸಲಾಗದು.

ವೃತ್ತಿ ತರಬೇತಿಯ ಲಿಯೊನಾರ್ಡೊ ದ ವಿಂಚಿ ಯೋಜನೆ 1995ರಿಂದ 1999ರವರೆಗೆ 62 ಕೋಟಿ ಎಕ್ಯುವಿನದ್ದು. ನಿರ್ವಹಣೆ ಒಂದು ಖಾಸಗಿ ಕಂಪನಿಗೆ. ಒಳ ಆಡಿಟ್‌ನಲ್ಲಿ ಗಂಭೀರ ದೋಷ ಕಂಡಿತ್ತು. ಅದೇ ಹೊತ್ತಿಗೆ ಯೋಜನೆಯ ಎರಡನೇ ಹಂತಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಕೇಳಲಾಗಿತ್ತು. ಆಡಿಟ್ ಸಂಗತಿ ಸದನಕ್ಕೆ ತಿಳಿಸಲಿಲ್ಲ. ಖಾತೆ ಕ್ರೆಸೋನ್ ಅವರದ್ದು.

ಪ್ರತಿ ಪಾವತಿಗೂ ತಪಾಸಣೆ ಇರಲಿಲ್ಲವೇ?

ಇತ್ತು, ಅತಿಯಾಗಿಯೇ ಇತ್ತು. ಇಲಾಖೆಯ ಅಧಿಕಾರಿ ಖರ್ಚಿಗೆ ಸಹಿ ಹಾಕಬೇಕು, ಕೇಂದ್ರದ ಹಣಕಾಸು ನಿಯಂತ್ರಕರು ಮುಂಗಡ ಮೊಹರು ಒತ್ತಬೇಕು, ಆಮೇಲೆ ಲೆಕ್ಕಾಧಿಕಾರಿ ಹಣ ಬಿಡಬೇಕು. ಫಲ ಉಲ್ಟಾ. ಸಹಿ ಹಾಕಿದವರು ‘ಹೇಗೂ ನಿಯಂತ್ರಕರು ನೋಡುತ್ತಾರೆ’ ಎಂದು ಸುಮ್ಮನಾದರು. ನಿಯಂತ್ರಕರ ಕಣ್ಣಿಗೆ ಬೀಳುತ್ತಿದ್ದದ್ದು ಕಾಗದ ಮಾತ್ರ. ನಾಲ್ಕು ಮೂಲೆಯೂ ಸರಿಯಿದ್ದ ಸುಳ್ಳು ಗುತ್ತಿಗೆ ಸಲೀಸಾಗಿ ದಾಟಿತು. ಸಹಿ ಹೆಚ್ಚಿದಷ್ಟೂ ಹೊಣೆ ಕರಗಿತು.

1999ರ ಜನವರಿ 14ರಂದು ಕಮಿಷನ್ ಗೆದ್ದಿತಲ್ಲ?

ಗೆದ್ದಿತು. ಅವಿಶ್ವಾಸಕ್ಕೆ 232 ಪರ, 293 ವಿರೋಧ, 27 ತಟಸ್ಥ. ಮೂರನೇ ಎರಡಿರಲಿ, ಸರಳ ಬಹುಮತವೂ ಇಲ್ಲ. ಆದರೆ 232 ಎಂಬ ಸಂಖ್ಯೆ ಯಾರೂ ನಿರೀಕ್ಷಿಸಿದ್ದಲ್ಲ. ದೊಡ್ಡ ಗುಂಪಾದ ಸೋಷಿಯಲಿಸ್ಟರು ಕಮಿಷನ್ನಿನ ಕೈಹಿಡಿದದ್ದು ಷರತ್ತಿನ ಮೇಲೆ: ಹೊರಗಿನ ತಜ್ಞರ ಸಮಿತಿ ತನಿಖೆ ನಡೆಸಬೇಕು, ಮಾರ್ಚ್ 15ರೊಳಗೆ ವರದಿ ಬರಬೇಕು, ಅದನ್ನು ಕಮಿಷನ್ ಒಪ್ಪಬೇಕು. ಸಾಂಟೇರ್ ಒಪ್ಪಿದರು. ಆ ದಿನ ಅದು ಪಾರಾಗುವ ದಾರಿಯಂತೆ ಕಂಡಿತು.

ಆ ಸಮಿತಿಯಲ್ಲಿ ಇದ್ದವರು ಯಾರು?

ಐವರು. ಅಧ್ಯಕ್ಷರು ಡಚ್ ಪ್ರಜೆ ಆಂಡ್ರೆ ಮಿಡ್ಡೆಲ್‌ಹುಕ್, ಕೋರ್ಟ್ ಆಫ್ ಆಡಿಟರ್ಸ್‌ನ ಮಾಜಿ ಅಧ್ಯಕ್ಷರು. ಅದೇ ಸಂಸ್ಥೆಯ ಇನ್ನೊಬ್ಬ ಮಾಜಿ ಅಧ್ಯಕ್ಷ ಫ್ರಾನ್ಸಿನ ಪಿಯೆರ್ ಲೆಲೋಂಗ್, ಸ್ವೀಡನ್ನಿನ ಮಹಾ ಲೆಕ್ಕ ಪರಿಶೋಧಕಿ ಇಂಗಾ-ಬ್ರಿಟ್ ಅಲೇನಿಯಸ್, ಸ್ಪೇನಿನ ಕಾನೂನು ಪ್ರಾಧ್ಯಾಪಕ ಹ್ವಾನ್ ಅಂತೋನಿಯೊ ಕರಿಯೊ ಸಾಲ್ಸೆದೊ, ಬೆಲ್ಜಿಯಂನ ಕಾನೂನು ತಜ್ಞ ವಾಲ್ಟರ್ ವಾನ್ ಗೆರ್ವೆನ್. ಕೈಯಲ್ಲಿದ್ದದ್ದು ಸುಮಾರು ಆರು ವಾರ. ಪೊಲೀಸ್ ಅಧಿಕಾರವಿಲ್ಲ. ಕಡತ ತರಿಸಿ ಓದುವುದು, ಸಂಬಂಧಪಟ್ಟವರನ್ನು ಕರೆಸಿ ಕೇಳುವುದು, ಅಷ್ಟೇ.

ವರದಿ ಏನು ಹೇಳಿತು?

ಪ್ರವಾಸೋದ್ಯಮ ಘಟಕ, ಮೆಡಿಟರೇನಿಯನ್ ಯೋಜನೆ, ಎಕೋ, ಲಿಯೊನಾರ್ಡೊ, ಭದ್ರತಾ ಕಚೇರಿ, ಪರಮಾಣು ಸುರಕ್ಷತೆ ಎಲ್ಲವನ್ನೂ ಒಂದೊಂದಾಗಿ ನೋಡಿತು. ಜತೆಗೆ ಸ್ವಜನಪಕ್ಷಪಾತದ ದೂರುಗಳನ್ನೂ. ಹೆಸರು ಬಂದ ಹಲವು ಕಮಿಷನರುಗಳ ಮೇಲಿನ ದೂರು ಸಾಬೀತಾಗಲಿಲ್ಲ.

ಕ್ರೆಸೋನ್ ಮೇಲಿನ ದೂರು ಮಾತ್ರ ಸಾಬೀತಾಯಿತು. ಅವರು ಮೇಯರ್ ಆಗಿದ್ದ ಶಾತೆಲ್ರೋ ಊರಿನ ಪರಿಚಿತ ದಂತವೈದ್ಯರೊಬ್ಬರನ್ನು ಸಲಹೆಗಾರರಾಗಿ ಇಟ್ಟುಕೊಳ್ಳಬೇಕೆಂದಿದ್ದರು. ಆತನಿಗೆ 66 ವರ್ಷ. ವಯೋಮಿತಿಯಿಂದ ಕ್ಯಾಬಿನೆಟ್ಟಿಗೆ ತೆಗೆದುಕೊಳ್ಳುವಂತಿರಲಿಲ್ಲ. ಹಾಗಾಗಿ ಸಂಶೋಧನಾ ಇಲಾಖೆಯ ‘ಅತಿಥಿ ವಿಜ್ಞಾನಿ’ ಹುದ್ದೆ ತೋರಿಸಿ 1995ರಲ್ಲಿ ನೇಮಕವಾಯಿತು. ಆತನ ಕೆಲಸದ ಫಲವೆಂದು ಸಿಕ್ಕಿದ್ದು ಕೆಲವು ಟಿಪ್ಪಣಿಗಳು, ಒಟ್ಟು 24 ಪುಟ. ಮೊತ್ತದ ಲೆಕ್ಕದಲ್ಲಿ ಇದು ಎಕೋ ಪ್ರಕರಣದ ಮುಂದೆ ಏನೂ ಅಲ್ಲ. ಆದರೆ ತಾಂತ್ರಿಕ ನೆರವು ಕಚೇರಿ ಅಂದರೇನು ಎಂದು ಮತದಾರರಿಗೆ ವಿವರಿಸುವುದು ಕಷ್ಟ, ವಿಜ್ಞಾನಿಯಾದ ಹಲ್ಲಿನ ಡಾಕ್ಟರ್ ಅಂದರೆ ಯಾರಿಗೂ ಅರ್ಥವಾಗುತ್ತದೆ.

ಸಾಂಟೇರ್ ಅವರನ್ನೂ ವರದಿ ಬಿಡಲಿಲ್ಲ. ಭದ್ರತಾ ಕಚೇರಿ ನೇರವಾಗಿ ಅಧ್ಯಕ್ಷರ ಕೆಳಗಿತ್ತು. ಕಾವಲು ಗುತ್ತಿಗೆಯಲ್ಲಿ ನಡೆದ ಅಕ್ರಮ ಅವರ ಗಮನಕ್ಕೆ ಬಂದಿರಲಿಲ್ಲ, ಬರಬೇಕಿತ್ತು ಎಂದಿತು.

ಎಲ್ಲಕ್ಕಿಂತ ಹೆಚ್ಚು ಏಟು ಕೊಟ್ಟದ್ದು ಉಪಸಂಹಾರದ ಒಂದು ವಾಕ್ಯ. ಈ ಸಂಸ್ಥೆಯಲ್ಲಿ ಅಲ್ಪಸ್ವಲ್ಪ ಹೊಣೆಗಾರಿಕೆಯ ಪ್ರಜ್ಞೆ ಇರುವವರೂ ಸಿಗುವುದು ಕಷ್ಟವಾಗುತ್ತಿದೆ ಎಂಬ ಅರ್ಥದ ಮಾತು. ಕಮಿಷನರುಗಳು ‘ನಮಗೆ ಗೊತ್ತಿರಲಿಲ್ಲ’ ಎಂದದ್ದನ್ನು ಸಮಿತಿ ಸಮಜಾಯಿಷಿಯಾಗಿ ಒಪ್ಪಲಿಲ್ಲ. ಹತೋಟಿ ತಪ್ಪಿದ್ದಕ್ಕೆ ಅವರೇ ಕೊಟ್ಟ ಸಾಕ್ಷಿ ಎಂದು ಓದಿತು.

ಮಾರ್ಚ್ 15ರ ರಾತ್ರಿ ಏನಾಯಿತು?

ಸಂಜೆ ವರದಿ ಹೊರಬಂತು. ಸೋಷಿಯಲಿಸ್ಟ್ ಗುಂಪಿನ ನಾಯಕಿ ಪಾಲಿನ್ ಗ್ರೀನ್, ಕಮಿಷನ್ ತಾನಾಗಿ ಇಳಿಯದಿದ್ದರೆ ತಮ್ಮವರು ಈ ಸಲ ಅವಿಶ್ವಾಸದ ಪರ ಮತ ಹಾಕುತ್ತಾರೆ ಎಂಬ ಸಂದೇಶ ಮುಟ್ಟಿಸಿದರು. ಜನವರಿಯ 232ಕ್ಕೆ ಆ ಗುಂಪಿನ ಮತ ಸೇರಿಸಿದರೆ ಮೂರನೇ ಎರಡು ದಾಟುತ್ತದೆ. ಇನ್ನು ಚರ್ಚೆಗೆ ಉಳಿದದ್ದು ಬೀಳುವುದು ಹೇಗೆ ಎಂಬುದಷ್ಟೇ.

ಕ್ರೆಸೋನ್ ಒಬ್ಬರೇ ಹೋಗಿದ್ದರೆ ಉಳಿದ 19 ಮಂದಿಗೆ ಉಸಿರಾಡಲು ಜಾಗ ಸಿಗುತ್ತಿತ್ತೋ ಏನೋ. ಅವರು ಒಪ್ಪಲಿಲ್ಲ. ಅವರನ್ನು ಕಳಿಸಿದ ಪ್ಯಾರಿಸ್ ಕೂಡ ಕರೆಸಿಕೊಳ್ಳಲಿಲ್ಲ. ಕಾಲೇಜ್ ರಾತ್ರಿ ಕೂತು, ಎಲ್ಲರೂ ಒಟ್ಟಿಗೆ ರಾಜೀನಾಮೆ ಎಂದು ತೀರ್ಮಾನಿಸಿತು. ಸಾಂಟೇರ್ ಪ್ರಕಟಿಸುವ ಹೊತ್ತಿಗೆ ಮಧ್ಯರಾತ್ರಿ ದಾಟಿತ್ತು. ಮರುದಿನ ಪತ್ರಕರ್ತರ ಮುಂದೆ ಅವರು, ವರದಿ ವೈಯಕ್ತಿಕವಾಗಿ ತಮ್ಮನ್ನು ನಿರ್ದೋಷಿ ಎಂದಿದೆ ಎಂದು ವಾದಿಸಿದರು. ಉಳಿದಿದ್ದ ಸಹಾನುಭೂತಿಯೂ ಅಲ್ಲಿಗೆ ಹೋಯಿತು.

ಹಾಗಾದರೆ ಪಾರ್ಲಿಮೆಂಟ್ ಕಮಿಷನ್ ಅನ್ನು ವಜಾ ಮಾಡಿತು ಅನ್ನಬಹುದೇ?

ಇಲ್ಲ. ವಜಾ ಮಾಡುವ ಮತದಾನ ನಡೆಯಲೇ ಇಲ್ಲ. ನಡೆದ ಒಂದರಲ್ಲಿ ಕಮಿಷನ್ ಗೆದ್ದಿತ್ತು.

ರಾಜೀನಾಮೆ ಕೊಟ್ಟ ಮೇಲೆ ಆರು ತಿಂಗಳು ಆಡಳಿತ ನಡೆಸಿದವರು ಯಾರು?

ಅವರೇ. ಬದಲಿ ಬರುವವರೆಗೆ ಹುದ್ದೆಯಲ್ಲಿರಬೇಕೆಂದು ಒಪ್ಪಂದ ಹೇಳುತ್ತದೆ. ದಿನನಿತ್ಯದ ಮತ್ತು ತುರ್ತು ಕೆಲಸ ಮಾತ್ರ ಮಾಡುತ್ತೇವೆ ಎಂದು ತಾವೇ ಮಿತಿ ಹಾಕಿಕೊಂಡರು. ಹತ್ತು ದಿನದೊಳಗೆ ಬರ್ಲಿನ್ ಶೃಂಗಸಭೆ ಇಟಲಿಯ ಮಾಜಿ ಪ್ರಧಾನಿ ರೊಮಾನೊ ಪ್ರೋದಿ ಅವರನ್ನು ಹೆಸರಿಸಿತು. ಅದೇ ಮಾರ್ಚ್ 24ರಂದು ಕೊಸೊವೊ ಪ್ರಶ್ನೆಯ ಮೇಲೆ ನೇಟೊ ಬಾಂಬ್ ದಾಳಿ ಶುರುವಾಗಿತ್ತು. ನಿಧಾನಿಸಲು ಯಾರಿಗೂ ಮನಸ್ಸಿರಲಿಲ್ಲ.

ಜೂನ್ ಚುನಾವಣೆಯಲ್ಲಿ ಸಾಂಟೇರ್ ಲಕ್ಸೆಂಬರ್ಗಿನಿಂದ ಅದೇ ಪಾರ್ಲಿಮೆಂಟಿಗೆ ಆರಿಸಿ ಬಂದರು. ಅವರು ಹೊರನಡೆದ ಮೇಲೆ ಮರೀನ್ ಹಂಗಾಮಿ ಅಧ್ಯಕ್ಷರು. ದೂರಸಂಪರ್ಕ ಖಾತೆಯ ಮಾರ್ಟಿನ್ ಬಾಂಗೆಮನ್ ಈ ಹೊತ್ತಿನಲ್ಲೇ ಸ್ಪೇನಿನ ದೂರಸಂಪರ್ಕ ಕಂಪನಿ ಟೆಲೆಫೋನಿಕಾ ಸೇರುವುದಾಗಿ ಪ್ರಕಟಿಸಿ ಇನ್ನೊಂದು ಗಲಾಟೆ ಎಬ್ಬಿಸಿದರು; ಕೌನ್ಸಿಲ್ ಕೋರ್ಟಿಗೆ ಹೋಯಿತು, ಆಮೇಲೆ ರಾಜಿಯಾಗಿ ಅರ್ಜಿ ಹಿಂದೆಗೆಯಿತು. ಸೆಪ್ಟೆಂಬರ್ 15ರಂದು ಪ್ರೋದಿ ತಂಡಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಸಿಕ್ಕಿತು. ಹಳೆಯವರಲ್ಲಿ ನಾಲ್ವರು ಅಲ್ಲೂ ಇದ್ದರು: ಬ್ರಿಟನ್ನಿನ ನೀಲ್ ಕಿನ್ನಾಕ್, ಮೊಂಟಿ, ಫಿಶ್ಲರ್, ಲೀಕನೆನ್.

ಯಾರಿಗಾದರೂ ಶಿಕ್ಷೆಯಾಯಿತೇ?

ಕ್ರೆಸೋನ್ ಮೇಲಿನ ಕ್ರಿಮಿನಲ್ ಪ್ರಕರಣವನ್ನು ಬೆಲ್ಜಿಯಂ ನ್ಯಾಯಾಲಯ 2004ರಲ್ಲಿ ಕೈಬಿಟ್ಟಿತು. ಕಮಿಷನ್ ಯುರೋಪಿಯನ್ ನ್ಯಾಯಾಲಯದ ಮೊರೆ ಹೋಯಿತು. 2006ರ ಜುಲೈ 11ರ ತೀರ್ಪು: ಆಕೆ ಹುದ್ದೆಯ ಕರ್ತವ್ಯ ಉಲ್ಲಂಘಿಸಿದ್ದು ನಿಜ, ಆದರೆ ಪಿಂಚಣಿ ಕಡಿತ ಬೇಡ, ತಪ್ಪೆಂದು ಘೋಷಿಸಿದ್ದೇ ಸಾಕಷ್ಟು ಶಿಕ್ಷೆ. ವಾನ್ ಬೌಟೆನೆನ್ 2004ರಲ್ಲಿ ತಮ್ಮದೇ ಪಕ್ಷ ಕಟ್ಟಿ ಯುರೋಪಿಯನ್ ಪಾರ್ಲಿಮೆಂಟಿಗೆ ಆಯ್ಕೆಯಾದರು.

ನಿಯಮಗಳಲ್ಲಿ ಏನು ಬದಲಾಯಿತು?

ಮೊದಲು ಬಂದದ್ದು ವಂಚನೆ ತಡೆ ಕಚೇರಿ ಓಲಾಫ್, 1999ರ ಜೂನ್ 1ರಿಂದ. ಹಿಂದಿನ ಘಟಕ ಕಮಿಷನ್ನಿನ ಹಿಡಿತದಲ್ಲೇ ಇತ್ತು; ಇದಕ್ಕೆ ತನಿಖೆಯಲ್ಲಿ ಸ್ವಾತಂತ್ರ್ಯ ಕೊಟ್ಟರು. ಪ್ರೋದಿ ಪ್ರತಿ ಕಮಿಷನರ್‌ನಿಂದಲೂ ‘ಕೇಳಿದರೆ ರಾಜೀನಾಮೆ ಕೊಡುತ್ತೇನೆ’ ಎಂಬ ಮಾತು ಪಡೆದರು, ಅವರನ್ನು ಬ್ರೆಡೆಲ್‌ನಿಂದ ಎಬ್ಬಿಸಿ ಅವರವರ ಇಲಾಖೆಯ ಕಟ್ಟಡಕ್ಕೆ ಕಳಿಸಿದರು, ಡಿಜಿಗಳ ರೋಮನ್ ಅಂಕಿ ಅಳಿಸಿ ಹೆಸರು ಇಟ್ಟರು. ಕಿನ್ನಾಕ್ 2000ದ ಮಾರ್ಚ್‌ನಲ್ಲಿ ಸುಧಾರಣೆಯ ಶ್ವೇತಪತ್ರ ತಂದರು. ಮುಂಗಡ ಮೊಹರಿನ ಪದ್ಧತಿ ಹೋಯಿತು. ಇಲಾಖೆಯ ಖರ್ಚಿಗೆ ಡೈರೆಕ್ಟರ್ ಜನರಲ್ಲೇ ಹೊಣೆ, ಪ್ರತಿ ವರ್ಷ ಸಹಿ ಹಾಕಿದ ಘೋಷಣೆ ಕೊಡಬೇಕು. ಹೊಸ ಹಣಕಾಸು ನಿಯಮಾವಳಿ 2003ರ ಜನವರಿಯಿಂದ ಜಾರಿಗೆ ಬಂತು.

ಒಬ್ಬರನ್ನು ತೆಗೆಯುವ ಅಧಿಕಾರ ಎರಡು ಹೆಜ್ಜೆಯಲ್ಲಿ ಬಂತು. 2003ರಲ್ಲಿ ಜಾರಿಯಾದ ನೀಸ್ ಒಪ್ಪಂದ, ಕಾಲೇಜಿನ ಅನುಮೋದನೆ ಪಡೆದು ಅಧ್ಯಕ್ಷರು ಒಬ್ಬ ಸದಸ್ಯರ ರಾಜೀನಾಮೆ ಕೇಳಬಹುದು ಎಂದಿತು. 2009ರ ಡಿಸೆಂಬರ್ 1ರ ಲಿಸ್ಬನ್ ಒಪ್ಪಂದ ಆ ಅನುಮೋದನೆಯ ಷರತ್ತನ್ನೂ ತೆಗೆಯಿತು. ಈಗ ಅಧ್ಯಕ್ಷರು ಕೇಳಿದರೆ ಹೋಗಲೇಬೇಕು. 2012ರಲ್ಲಿ ಆರೋಗ್ಯ ಖಾತೆಯ ಜಾನ್ ದಾಲಿ ಹೊರಬಿದ್ದಾಗ ಬರೋಸೊ ಕಮಿಷನ್ ಅಲುಗಾಡಲಿಲ್ಲ.

ಅವಿಶ್ವಾಸದ ನಿಯಮವೂ ಬದಲಾಯಿತೇ?

ಅದು ಹಾಗೇ ಇದೆ. ಮೂರನೇ ಎರಡು, ಸದನದ ಬಹುಮತ, ಇಡೀ ಕಮಿಷನ್ ಒಟ್ಟಿಗೆ. ಈಗ 27 ಕಮಿಷನರುಗಳು, 720 ಸದಸ್ಯರ ಸದನ. ನಿರ್ಣಯ ಮಂಡಿಸಲು ಹತ್ತನೇ ಒಂದು, ಅಂದರೆ 72 ಸಹಿ ಸಾಕು. 2025ರ ಜುಲೈ 10ರಂದು ಉರ್ಸುಲಾ ಫಾನ್ ಡೆರ್ ಲೇಯನ್ ಕಮಿಷನ್ ವಿರುದ್ಧ ಮತಕ್ಕೆ ಬಂದ ನಿರ್ಣಯಕ್ಕೆ 175 ಪರ, 360 ವಿರೋಧ, 18 ತಟಸ್ಥ ಮತ ಬಿದ್ದವು.